ಹೊಸ ವಿಂಡೋಸ್ 11ರಲ್ಲಿ ಆಫೀಸಿನ ಶೇರ್ ಡ್ರೈವ್ ತೆರೆಯುತ್ತಿಲ್ಲ, ಮ್ಯಾಕ್‌ನಲ್ಲಿ ತೆರೆಯುತ್ತದೆ

ಗಂಜ್_ಹುಡುಗ (ಕಲಬುರಗಿ)
ನಮಸ್ಕಾರ ಎಲ್ಲರಿಗೂ. ಇಲ್ಲಿ ನೆಹರು ಗಂಜ್‌ನಲ್ಲಿ ಒಂದು ದಾಲ್ ಮಿಲ್‌ನ ಲೆಕ್ಕ ನೋಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಹಳೆಯ ನ್ಯಾಸ್ ಡಬ್ಬಿ (ಎಲ್ಲಾ ಕಂಪ್ಯೂಟರ್‌ಗಳೂ ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಡಿಸ್ಕ್) ಇದೆ. ತೊಗರಿ ಖರೀದಿ, ಲಾರಿ ಬಾಡಿಗೆ, ಸ್ಕ್ಯಾನ್ ಮಾಡಿದ ತೂಕದ ಚೀಟಿ, ಎಲ್ಲಾ ಅದರಲ್ಲೇ. ಪಾಸ್‌ವರ್ಡ್ ಇಲ್ಲ, ಯಾರು ಬೇಕಾದರೂ ತೆರೆಯಬಹುದು.

2025ರ ಅಕ್ಟೋಬರ್‌ಗೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಅದಕ್ಕೆ ಸಾವಕಾರರು ವಿಂಡೋಸ್ 11 ಪ್ರೊ ಇರುವ ಹೊಸ ಕಂಪ್ಯೂಟರ್ ತಂದರು. ಅದರಲ್ಲಿ ಡ್ರೈವ್ ತೆರೆಯಲು ಹೋದರೆ, ನಿಮ್ಮ ಸಂಸ್ಥೆಯ ಭದ್ರತಾ ನಿಯಮ ಗೆಸ್ಟ್ ಪ್ರವೇಶವನ್ನು (ಹೆಸರು, ಪಾಸ್‌ವರ್ಡ್ ಇಲ್ಲದೆ ಒಳಹೋಗುವುದನ್ನು) ತಡೆದಿದೆ ಅಂತ ಬರುತ್ತದೆ. ಯಾವ ಸಂಸ್ಥೆ, ಯಾವ ನಿಯಮ? ಇರುವವರೇ ನಾಲ್ಕು ಜನ! ಹಳೆಯ ವಿಂಡೋಸ್ 10ರಲ್ಲಿ ಅದೇ ಡ್ರೈವ್ ತೆರೆಯುತ್ತದೆ, ಸಾವಕಾರರ ಮಗನ ಮ್ಯಾಕ್‌ಬುಕ್‌ನಲ್ಲೂ ತೆರೆಯುತ್ತದೆ. ಅಂದರೆ ಡಬ್ಬಿ ಸರಿಯಿದೆ ಅಲ್ವಾ? ಸೀಸನ್ ಶುರುವಾಗಿದೆ, ಬೇಗ ಹೇಳಿ.

ಕೇಬಲ್_ಕಾಕಾ (ಯಾದಗಿರಿ)
ಬಹಳ ಸುಲಭ ತಮ್ಮಾ. ಗ್ರೂಪ್ ಪಾಲಿಸಿ (ವಿಂಡೋಸ್‌ನ ನಿಯಮಗಳ ಸೆಟ್ಟಿಂಗ್) ತೆರೆದು ಲ್ಯಾನ್‌ಮ್ಯಾನ್ ವರ್ಕ್‌ಸ್ಟೇಷನ್‌ಗೆ ಹೋಗಿ ಗೆಸ್ಟ್ ಲಾಗಾನ್ ಆನ್ ಮಾಡು. ಸೈನಿಂಗ್ (ಕಳಿಸುವ ಪ್ರತಿ ಪ್ಯಾಕೆಟ್, ಅಂದರೆ ಡೇಟಾ ತುಣುಕಿಗೂ ಸಹಿ ಹಾಕುವುದು) ಆಫ್ ಮಾಡು. ಆಗಲೂ ಬರದಿದ್ದರೆ ವಿಂಡೋಸ್ ಫೀಚರ್ಸ್‌ನಲ್ಲಿ ಎಸ್‌ಎಂಬಿ 1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಎಸ್‌ಎಂಬಿ ಭಾಷೆಯ ಹಳೆಯ ಆವೃತ್ತಿ) ಹಾಕಿಬಿಡು. ಐದು ನಿಮಿಷದ ಕೆಲಸ.

ಬೀದರ್_ಲಿನಕ್ಸ್
ಕಾಕಾ, ಗೆಸ್ಟ್ ಆನ್ ಮಾಡಿ, ಸೈನಿಂಗ್ ಆಫ್ ಮಾಡಿದರೆ ಡ್ರೈವ್ ಬರುತ್ತದೆ, ಒಪ್ಪಿದೆ. ಆದರೆ ಎಸ್‌ಎಂಬಿ 1 ಮಾತ್ರ ಬೇಡ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ, ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್ ಹರಡಿದ್ದು ಅದರ ತೂತಿನಿಂದಲೇ. ಅಲ್ಲದೆ ಇಲ್ಲಿ ಅದರ ಮಾತೇ ಬರುವುದಿಲ್ಲ. ಡಬ್ಬಿಗೆ ಎಸ್‌ಎಂಬಿ 1 ಬಿಟ್ಟು ಬೇರೇನೂ ಗೊತ್ತಿಲ್ಲದಿದ್ದರೆ ವಿಂಡೋಸ್ ಹಾಗಂತಲೇ ಹೇಳುತ್ತದೆ, ಆ ಸಂದೇಶವೇ ಬೇರೆ.

ಗಂಜ್ ಅಣ್ಣಾ, ವಿಷಯ ಇಷ್ಟು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಈಗ ಎಸ್‌ಎಂಬಿಯಲ್ಲೇ ಮಾತಾಡುತ್ತವೆ, 445ನೇ ಪೋರ್ಟ್‌ನಲ್ಲಿ. ಎದುರಿಗಿರುವ ಡಬ್ಬಿಯನ್ನು ಎಷ್ಟು ನಂಬಬೇಕು ಅನ್ನುವುದನ್ನು ಮಾತ್ರ ಒಂದೊಂದೂ ತನ್ನ ಪ್ರಕಾರ ತೀರ್ಮಾನಿಸುತ್ತದೆ. ಮ್ಯಾಕ್ ಗೆಸ್ಟಾ, ಯೂಸರಾ ಅಂತ ಕೇಳಿ, ಗೆಸ್ಟ್ ಅಂದರೆ ಸುಮ್ನೆ ಬಿಡುತ್ತದೆ. ವಿಂಡೋಸ್ 10 ಪ್ರೊ ಕೇಳದೆಯೇ ಬಿಡುತ್ತಿತ್ತು. ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯಿಂದ, ಪ್ರತಿ ಪ್ಯಾಕೆಟ್‌ಗೂ ಸಹಿ ಇರಲಿ ಅನ್ನುತ್ತದೆ. ಆ ಸಹಿಯ ಕೀಲಿ ಹುಟ್ಟುವುದು ಲಾಗಿನ್ ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಎಲ್ಲಿಂದ ಬರಬೇಕು? ಅದಕ್ಕೇ ಬಾಗಿಲಲ್ಲೇ ನಿಲ್ಲಿಸುತ್ತದೆ. ಸಂಸ್ಥೆ ಗಿಂಸ್ಥೆ ಏನಿಲ್ಲ, ಅದು ಮೈಕ್ರೋಸಾಫ್ಟ್‌ನ ಡಿಫಾಲ್ಟ್ ಸೆಟ್ಟಿಂಗ್ ಅಷ್ಟೇ.

ಹಾಗಾಗಿ ಹೊಸ ಕಂಪ್ಯೂಟರ್ ಮುಟ್ಟಬೇಡಿ, ಡಬ್ಬಿಯನ್ನು ಸರಿಮಾಡಿ. ಬ್ರೌಸರ್‌ನಲ್ಲಿ ಅದರ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಹಾಕಿ ಒಳಗೆ ಹೋಗಿ, ಒಬ್ಬ ಯೂಸರ್ ಮಾಡಿ, ಪಾಸ್‌ವರ್ಡ್ ಕೊಡಿ, ಆ ಫೋಲ್ಡರ್‌ಗೆ ಅನುಮತಿ ಕೊಡಿ. ಮಿಲ್‌ನ ಲೆಕ್ಕವೆಲ್ಲ ಅದರಲ್ಲಿದೆ, ವೈಫೈ ಪಾಸ್‌ವರ್ಡ್ ಇಸಿದುಕೊಂಡ ಲಾರಿ ಡ್ರೈವರ್ ಕೂಡ ತೆರೆಯಬಹುದು ಅಂದರೆ ಹೇಗೆ?

ಗಂಜ್_ಹುಡುಗ (ಕಲಬುರಗಿ)
ಯೂಸರ್ ಮಾಡಿದೆ. ಈಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಆದರೆ ನನ್ನ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಹಳೆಯ ವಿಂಡೋಸ್ 10ರಲ್ಲಿ ಇನ್ನೊಂದು ತಾಪತ್ರಯ, ಹೊಸ ಹೆಸರು ಹಾಕಿದರೆ 1219 ಎರರ್.

ಬೀದರ್_ಲಿನಕ್ಸ್
ಪಿನ್ ಆ ಕಂಪ್ಯೂಟರ್‌ನ ಒಳಗಿನ ಮಾತು, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಡಬ್ಬಿಯಲ್ಲಿ ಮಾಡಿದ ಯೂಸರ್ ಹೆಸರು, ಅದರದ್ದೇ ಪಾಸ್‌ವರ್ಡ್ ಹಾಕಿ. 1219 ಅಂದರೆ ಒಂದೇ ಸರ್ವರ್‌ಗೆ ನೀವು ಈಗಾಗಲೇ ಬೇರೆ ಹೆಸರಲ್ಲಿ ಒಳಗಿದ್ದೀರಿ, ನಿಮ್ಮ ಕೇಸಿನಲ್ಲಿ ಗೆಸ್ಟ್ ಆಗಿ. ಹಳೆಯ ಮ್ಯಾಪ್ ಡ್ರೈವ್ (ಡಬ್ಬಿಯ ಫೋಲ್ಡರ್‌ಗೆ ಝಡ್‌ನಂಥ ಅಕ್ಷರ ಕೊಟ್ಟು ಜೋಡಿಸಿದ್ದು) ಡಿಸ್ಕನೆಕ್ಟ್ ಮಾಡಿ, ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ (ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಜಾಗ) ಹಳೆಯ ಗುರುತು ಇದ್ದರೆ ಅಳಿಸಿ, ಲಾಗಾಫ್ ಆಗಿ ಬನ್ನಿ.

ಕೇಬಲ್_ಕಾಕಾ (ಯಾದಗಿರಿ)
ಸರಿ ಬೀದರ್, ನಿನ್ನ ದಾರಿಯೇ ಛಲೋ. ಆದರೆ ನಮ್ಮ ಕಡೆ ನಿಜವಾದ ಕಾಟ ಕರೆಂಟ್. ಹೋಗಿ ಬಂದರೆ ರೂಟರ್ ಡಬ್ಬಿಗೆ ಹೊಸ ಐಪಿ ಕೊಟ್ಟುಬಿಡಬಹುದು, ಆಮೇಲೆ ಡ್ರೈವ್ ಮೇಲೆ ಕೆಂಪು ಕ್ರಾಸ್. ರೂಟರ್‌ನಲ್ಲಿ ಡಬ್ಬಿಗೆ ಒಂದೇ ಐಪಿ ರಿಸರ್ವ್ ಮಾಡಿಸು ತಮ್ಮಾ. ಇನ್ನೊಂದು, ಲೆಕ್ಕದ ಸಾಫ್ಟ್‌ವೇರನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದರೆ ಅದಕ್ಕೆ ಝಡ್ ಡ್ರೈವ್ ಕಾಣುವುದೇ ಇಲ್ಲ. ಮ್ಯಾಪ್ ಮಾಡಿದ್ದು ಸಾಮಾನ್ಯ ಲಾಗಿನ್‌ಗೆ, ಅಡ್ಮಿನ್ ಆಗಿ ತೆರೆದದ್ದನ್ನು ವಿಂಡೋಸ್ ಬೇರೆ ಲಾಗಿನ್ ಅಂತ ಲೆಕ್ಕ ಹಿಡಿಯುತ್ತದೆ. ಇದಕ್ಕೆ ತಲೆ ಕೆಡಿಸಿಕೊಂಡವರು ಜಾಸ್ತಿ. ಅಡ್ಮಿನ್ ಬೇಕಿಲ್ಲದಿದ್ದರೆ ಸಾದಾ ತೆರೆ.

ಗಂಜ್_ಹುಡುಗ (ಕಲಬುರಗಿ)
ಎರಡೂ ಕಂಪ್ಯೂಟರ್‌ನಲ್ಲಿ ಬಂತು! ಐಪಿ ರಿಸರ್ವ್ ಮಾಡಿಸುತ್ತೇನೆ ಕಾಕಾ. ಡಬ್ಬಿಯಲ್ಲಿ ಗೆಸ್ಟ್ ಬಂದ್ ಮಾಡಿದೆ, ಈಗ ಮ್ಯಾಕ್‌ಬುಕ್‌ನವರು ಫೋನ್ ಮಾಡಿ ಕೂಗುತ್ತಿದ್ದಾರೆ.

ಬೀದರ್_ಲಿನಕ್ಸ್
ಫೈಂಡರ್‌ನಲ್ಲಿ ಡ್ರೈವನ್ನು ಇಜೆಕ್ಟ್ ಮಾಡಿ, ಕಮಾಂಡ್ ಮತ್ತು ಕೆ ಒತ್ತಿ ಮತ್ತೆ ಕನೆಕ್ಟ್ ಆಗಲು ಹೇಳಿ. ಗೆಸ್ಟ್ ಬದಲು ರಿಜಿಸ್ಟರ್ಡ್ ಯೂಸರ್ ಆರಿಸಿ, ಪಾಸ್‌ವರ್ಡನ್ನು ಕೀಚೈನ್‌ನಲ್ಲಿ (ಮ್ಯಾಕ್ ಪಾಸ್‌ವರ್ಡ್ ಇಡುವ ಜಾಗ) ಉಳಿಸಿಕೊಳ್ಳಲಿ. ಸಾಧ್ಯವಾದರೆ ಅವರಿಗೆ ಬೇರೆಯೇ ಯೂಸರ್ ಮಾಡಿಕೊಡಿ, ಓದಲು ಮಾತ್ರ ಅನುಮತಿ ಇರುವಂಥದ್ದು.