ಪತ್ರಿಕೋದ್ಯಮ ಎಂ.ಎ.ಗೆ ವಿಭಾಗವನ್ನು ಆರಿಸುವಾಗ ಏನನ್ನು ನೋಡಬೇಕು?

ಪ್ರಶ್ನೆ (ಹಾಸನ ಜಿಲ್ಲೆಯ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪತ್ರಿಕೋದ್ಯಮ, ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿ ಈ ವರ್ಷ ಬಿ.ಎ. ಮುಗಿಸುತ್ತಿದ್ದೇನೆ. ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗದಲ್ಲಿ ಎಂ.ಎ. ಮಾಡಬೇಕೆಂದಿದ್ದೇನೆ. ಮೈಸೂರು, ಮಂಗಳೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಪಠ್ಯಕ್ರಮಗಳನ್ನು ಓದಿ ನೋಡಿದೆ. ಅವುಗಳಲ್ಲಿನ ವಿಷಯಗಳ ಶೀರ್ಷಿಕೆಗಳು ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ಯಾವುದರ ಮೇಲೆ ತೀರ್ಮಾನ ಮಾಡಬೇಕೋ ತಿಳಿಯುತ್ತಿಲ್ಲ. ನಮ್ಮ ತಾಲ್ಲೂಕಿನ ವರದಿಗಾರರೊಬ್ಬರು, ಆ ಎರಡು ವರ್ಷವನ್ನು ಪತ್ರಿಕಾ ಕಚೇರಿಯಲ್ಲೇ ಕಳೆದರೆ ಹೆಚ್ಚು ಕಲಿಯಬಹುದು ಎನ್ನುತ್ತಾರೆ. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳಾದ್ದರಿಂದ ಇಂಗ್ಲಿಷ್‌ನ ಅಳುಕೂ ಇದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಕನ್ನಡ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ ಇರುವವರು)

ಪಠ್ಯಕ್ರಮದ ಪಟ್ಟಿಯನ್ನು ಪಕ್ಕಕ್ಕಿಡಿ. ಆ ವಿಭಾಗದಿಂದ ವಿದ್ಯಾರ್ಥಿಗಳೇ ಅಭ್ಯಾಸಕ್ಕಾಗಿ ತರುವ ಪ್ರಾಯೋಗಿಕ ಪತ್ರಿಕೆ ಹೊರಬರುತ್ತದೆಯೇ, ಎಷ್ಟು ದಿನಕ್ಕೊಮ್ಮೆ, ಅದರಲ್ಲಿ ವಿದ್ಯಾರ್ಥಿ ಬರೆದ ಕಾಪಿಯನ್ನು (ಸುದ್ದಿಯ ಬರಹವನ್ನು) ಯಾರು ತಿದ್ದುತ್ತಾರೆ, ತಿದ್ದಿದ್ದು ಅವರ ಕೈಗೆ ಹಿಂದಿರುಗುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ. ಹೊಸದಾಗಿ ಡೆಸ್ಕ್‌ಗೆ ಬರುವವರಲ್ಲಿ ನಾನು ಕಾಣುವ ಕೊರತೆ ತಿಳಿವಳಿಕೆಯದ್ದಲ್ಲ, ತಿದ್ದಿಸಿಕೊಂಡ ಅಭ್ಯಾಸದ್ದು. ಮಳೆಗಾಲ ಬಂತೆಂದರೆ 'ತಾಲ್ಲೂಕಿನಾದ್ಯಂತ ಸುರಿದ ಭಾರಿ ಮಳೆಯಿಂದ ಜನಜೀವನ ಅಸ್ತವ್ಯಸ್ತಗೊಂಡಿದೆ' ಎಂಬ ಇಂಟ್ರೊ (ಸುದ್ದಿಯ ಆರಂಭದ ವಾಕ್ಯ) ಪ್ರತಿದಿನ ಡೆಸ್ಕ್‌ಗೆ ಬರುತ್ತದೆ. ಆ ವಾಕ್ಯವನ್ನು ಯಾವ ಊರಿಗಾದರೂ, ಯಾವ ವರ್ಷಕ್ಕಾದರೂ ಹೊಂದಿಸಬಹುದು. ಮಳೆ ಎಷ್ಟು ಮಿಲಿಮೀಟರ್, ಯಾವ ಕೆರೆಯ ಏರಿ ಒಡೆಯಿತು, ಎಷ್ಟು ಎಕರೆ ಗದ್ದೆಗೆ ನೀರು ನುಗ್ಗಿತು, ಗೋಡೆ ಕುಸಿದ ಮನೆಯವರು ರಾತ್ರಿ ಎಲ್ಲಿ ಮಲಗಿದರು, ಕಂದಾಯ ನಿರೀಕ್ಷಕರು ಬಂದು ನೋಡಿದರೇ ಎಂದು ಒಂದೊಂದಾಗಿ ಕೇಳಿ, ಕಾಪಿಯನ್ನು ಮರಳಿ ಬರೆಸುವ ಅಧ್ಯಾಪಕರಿರುವ ಕಡೆ ಕಲಿತವರು ಅಂಥ ಇಂಟ್ರೊ ಬರೆಯುವುದನ್ನು ಬೇಗ ಬಿಡುತ್ತಾರೆ.

ಇಲಾಖೆಗಳ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯ ವರದಿಯಲ್ಲೂ ಇದೇ ಕಥೆ. 'ಅಧಿಕಾರಿಗಳಿಗೆ ಶಾಸಕರ ತರಾಟೆ' ಎಂಬ ತಲೆಬರಹ ಮೊದಲೇ ಸಿದ್ಧವಾಗಿರುತ್ತದೆ. ಸಭೆಯಲ್ಲಿ ಹಂಚುವ ಪ್ರಗತಿ ವರದಿಯ ಪುಸ್ತಿಕೆಯನ್ನು ತೆರೆದು, ಯಾವ ಇಲಾಖೆಗೆ ಎಷ್ಟು ಅನುದಾನ ಬಂದು ಎಷ್ಟು ಖರ್ಚಾಗಿದೆ ಎಂದು ಹೋಲಿಸಿ ನೋಡುವವರು ವಿರಳ. ಆ ಪುಸ್ತಿಕೆಯನ್ನು ತರಗತಿಗೆ ತಂದು, ಅದರಿಂದ ಸುದ್ದಿ ಹುಡುಕಿಸುವ ವಿಭಾಗ ಸಿಕ್ಕರೆ ಕಣ್ಣು ಮುಚ್ಚಿ ಸೇರಿಕೊಳ್ಳಿ.

ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಿಕ್ಷಣ ಹುಟ್ಟಿದ್ದೇ ಈ ರೀತಿಯಲ್ಲಿ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ 1908ರಲ್ಲಿ ಆರಂಭವಾದಾಗ, ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಹೊರಬಂತು. ಅನುಭವಿ ಸಂಪಾದಕರ ಕೈಕೆಳಗೆ ವಿದ್ಯಾರ್ಥಿಗಳು ಊರಿನ ನಿಜವಾದ ಓದುಗರಿಗಾಗಿ ಸುದ್ದಿ ಬರೆಯುವ ಆ ಕ್ರಮ ಅಲ್ಲಿ ಇಂದಿಗೂ ಉಳಿದಿದೆ. ನಮ್ಮಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟಿದ ನಾಡಿಗ ಕೃಷ್ಣಮೂರ್ತಿಯವರು ಓದಿ ಬಂದದ್ದೂ ಅದೇ ಮಿಸೌರಿಯಲ್ಲಿ. ಆದ್ದರಿಂದ ಪ್ರಾಯೋಗಿಕ ಪತ್ರಿಕೆಯನ್ನು ಪಾಠದ ಜೊತೆಗಿನ ಅಲಂಕಾರವೆಂದು ಭಾವಿಸುವ ವಿಭಾಗ ತನ್ನ ಮೂಲವನ್ನೇ ಬಿಟ್ಟಂತೆ ಎಂದು ನಾನು ತಿಳಿದಿದ್ದೇನೆ.

ಉತ್ತರ 2 (ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು)

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಆದರೆ ಅದು ಅರ್ಧ ಮಾತು. ಬರೆಯುವ ಕೈ ಪಳಗುವುದಕ್ಕೆ ಕಚೇರಿಯೂ ಸಾಕು. ಪತ್ರಿಕೆ ಯಾವುದನ್ನು ಸುದ್ದಿ ಎನ್ನುತ್ತದೆ, ಯಾವುದನ್ನು ಬಿಡುತ್ತದೆ, ಏಕೆ ಎಂದು ಕೂತು ಯೋಚಿಸುವುದಕ್ಕೆ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಾಧ್ಯಮಗಳು ಒತ್ತುಕೊಟ್ಟ ವಿಷಯಗಳನ್ನೇ ಜನ ಮುಖ್ಯವೆಂದು ಭಾವಿಸುತ್ತಾರೆ ಎನ್ನುವ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತವನ್ನೇ ತೆಗೆದುಕೊಳ್ಳಿ. ಸಂಶೋಧಕರಾದ ಮೆಕೋಂಬ್ಸ್ ಮತ್ತು ಶಾ ಅವರು 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕಬೇಕೆಂದು ನಿರ್ಧರಿಸದ ನೂರು ಮತದಾರರನ್ನು ಮಾತನಾಡಿಸಿ, ಅವರು ಮುಖ್ಯವೆಂದ ವಿಷಯಗಳನ್ನು ಮಾಧ್ಯಮಗಳು ಒತ್ತುಕೊಟ್ಟ ವಿಷಯಗಳ ಜೊತೆ ಹೋಲಿಸಿದರು. ಇದನ್ನು ಉರುಹೊಡೆದು ಪರೀಕ್ಷೆ ಬರೆದರೆ ಪ್ರಯೋಜನವಿಲ್ಲ. ಅದೇ ವಿಧಾನವನ್ನು ಹಿಡಿದು, ಒಂದೇ ಪತ್ರಿಕೆಯ ಬೆಂಗಳೂರು ಮತ್ತು ಹುಬ್ಬಳ್ಳಿ ಆವೃತ್ತಿಗಳ ಮುಖಪುಟದಲ್ಲಿ ಕಾವೇರಿಗೂ ಮಹದಾಯಿಗೂ ಎಷ್ಟೆಷ್ಟು ಜಾಗ ಸಿಕ್ಕಿದೆ ಎಂದು ಕಾಲಂ ಸೆಂಟಿಮೀಟರ್‌ನಲ್ಲಿ ಅಳೆದು ನೋಡಿದ ವಿದ್ಯಾರ್ಥಿ, ಮುಂದೆ ಪುಟ ಕಟ್ಟುವ ಜಾಗದಲ್ಲಿ ಕುಳಿತಾಗ ಬೇರೆಯೇ ಎಚ್ಚರದಿಂದ ಕೆಲಸ ಮಾಡುತ್ತಾನೆ. ಹೀಗಾಗಿ ವಿಭಾಗದ ಗ್ರಂಥಾಲಯಕ್ಕೆ ಹೋಗಿ ಹಿಂದಿನ ವರ್ಷಗಳ ಎಂ.ಎ. ಪ್ರಬಂಧಗಳನ್ನು ಕೇಳಿ ಪಡೆದು ತಿರುವಿಹಾಕಿ. ಅವು ಕನ್ನಡ ಮಾಧ್ಯಮಗಳ ಬಗ್ಗೆ ಹೊಸತೇನಾದರೂ ಹೇಳುತ್ತಿವೆಯೇ, ಅಥವಾ ಒಂದೇ ಪ್ರಶ್ನಾವಳಿಯನ್ನು ಊರು ಬದಲಿಸಿ ಹಂಚಿದ ಹಾಗಿವೆಯೇ ಎಂಬುದು ಬೇಗ ಗೊತ್ತಾಗುತ್ತದೆ.

ಮಾಧ್ಯಮ ಕಾನೂನಿನ ಪಾಠವನ್ನೂ ವಿಚಾರಿಸಿ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಜಾಗದಲ್ಲಿ ಪತ್ರಿಕೆಗಳ ನೋಂದಣಿಗೆ 2023ರ ಹೊಸ ಕಾಯ್ದೆ ಬಂದು, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದೇ ವರ್ಷದ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಾದ್ದರಿಂದ, ಮಾನನಷ್ಟದ ಅಪರಾಧವನ್ನು ಈಗ ಅದರ 356ನೇ ಸೆಕ್ಷನ್‌ನಲ್ಲಿ ಓದಬೇಕು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದನ್ನು ತಡೆಯುವ ನಿಯಮ 72ನೇ ಸೆಕ್ಷನ್‌ನಲ್ಲಿದೆ. ಹಳೆಯ ಸೆಕ್ಷನ್‌ಗಳನ್ನೇ ಬರೆಸುತ್ತಿರುವ ಕಡೆ ಉಳಿದ ಪಾಠಗಳೂ ಹಳೆಯವೇ ಆಗಿರುವ ಸಾಧ್ಯತೆ ಹೆಚ್ಚು. ಮಗುವೊಂದರ ಮೇಲಿನ ದೌರ್ಜನ್ಯದ ವರದಿಯಲ್ಲಿ ಹೆಸರು ಬಿಟ್ಟು, ಶಾಲೆಯ ಹೆಸರನ್ನೂ ತಂದೆಯ ಉದ್ಯೋಗವನ್ನೂ ಬರೆದುಬಿಟ್ಟರೆ ಊರಿಗೆಲ್ಲ ಗುರುತು ಸಿಗುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಶಾಲೆ, ಕುಟುಂಬ, ನೆರೆಹೊರೆಯ ವಿವರಗಳನ್ನೂ ಸೇರಿಸಿಯೇ ನಿಷೇಧಿಸಿದೆ. ಇದನ್ನು ವರದಿಗಾರ್ತಿ ಕೆಲಸಕ್ಕೆ ಸೇರುವ ಮೊದಲೇ ಕಲಿತಿರಬೇಕು, ಏಕೆಂದರೆ ಕೆಲಸದಲ್ಲಿ ಕಲಿಯುವ ಹೊತ್ತಿಗೆ ಒಂದು ಮಗುವಿಗೆ ಅನ್ಯಾಯವಾಗಿರುತ್ತದೆ.

ಮುಂದೆ ಅಧ್ಯಾಪಕಿಯಾಗುವ ಯೋಚನೆಯಿದ್ದರೆ ಎಂ.ಎ. ಅನಿವಾರ್ಯ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ಬರೆಯುವ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ 55, ಮೀಸಲಾತಿ ಇರುವವರಿಗೆ ಶೇ 50 ಅಂಕ ಬೇಕು.

ಉತ್ತರ 3 (ಎಂ.ಎ. ಮಾಡದ ಜಿಲ್ಲಾ ವರದಿಗಾರ)

ನಿಮ್ಮ ತಾಲ್ಲೂಕಿನ ವರದಿಗಾರರು ಹೇಳಿದ್ದರಲ್ಲಿ ಸತ್ಯವಿದೆ. ನಾನು ಪದವಿ ಮುಗಿಸಿ ನೇರವಾಗಿ ಕೆಲಸಕ್ಕೆ ಬಂದವನು. ತಹಶೀಲ್ದಾರ್ ಕಚೇರಿಯ ಕಡತ ಹೇಗೆ ಸಾಗುತ್ತದೆ, ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಪ್ರತಿಯನ್ನು ಯಾರಲ್ಲಿ ಕೇಳಬೇಕು ಎಂಬುದನ್ನೆಲ್ಲ ಓಡಾಡಿಯೇ ಕಲಿತೆ. ಆದರೆ ತಂಗಿಗೆ ಹೇಳುವ ಹಾಗೆ ನಿಮಗೊಂದು ಮಾತು ಹೇಳುತ್ತೇನೆ. ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಮಂದಿ ಸುದ್ದಿಯ ಲೆಕ್ಕದಲ್ಲಿ ಸಂಭಾವನೆ ಪಡೆಯುವವರು, ಜಾಹೀರಾತು ತರುವ ಹೊಣೆಯೂ ಅವರದ್ದೇ. ಯಾರ ಜಾಹೀರಾತು ತಂದಿದ್ದೀರೋ ಅವರ ವಿರುದ್ಧವೇ ಮರುದಿನ ಬರೆಯಬೇಕಾಗಿ ಬಂದಾಗ ಆಗುವ ಸಂಕಟವನ್ನು ಇಪ್ಪತ್ತೊಂದರ ವಯಸ್ಸಿಗೇ ಹೊರುವುದು ಬೇಡ. ಎರಡು ವರ್ಷ ಓದಿ, ಸೆಮಿಸ್ಟರ್ ನಡುವಿನ ರಜೆಗಳಲ್ಲಿ ಇಂಟರ್ನ್‌ಷಿಪ್ ಮಾಡಿ. ಇಂಟರ್ನ್‌ಷಿಪ್‌ಗೆ ಪ್ರಮಾಣಪತ್ರ ಕೊಟ್ಟು ಸುಮ್ಮನೆ ಕೂರಿಸುವ ಕಚೇರಿಗಿಂತ ಜಿಲ್ಲಾ ಬ್ಯೂರೊ ಮೇಲು, ಅಲ್ಲಿ ಜನ ಕಡಿಮೆ ಇರುವುದರಿಂದ ಮೊದಲ ವಾರವೇ ನಿಮ್ಮ ಕೈಗೆ ಕೆಲಸ ಬರುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ನನಗೆ ರೇಡಿಯೊದಲ್ಲೂ ಆಸಕ್ತಿಯಿದೆ. ಕ್ಯಾಂಪಸ್‌ನಲ್ಲಿ ಸಮುದಾಯ ಬಾನುಲಿ ಇದ್ದರೆ ಅದರಿಂದ ನಿಜವಾದ ಅನುಕೂಲವಿದೆಯೇ? ಇಂಗ್ಲಿಷ್ ವಿಷಯಕ್ಕೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 4 (ಸಮುದಾಯ ಬಾನುಲಿಯಲ್ಲಿ ಕಾರ್ಯಕ್ರಮ ರೂಪಿಸುವವರು)

ಖಂಡಿತ ಇದೆ. ಭಾರತದಲ್ಲಿ ಸಮುದಾಯ ಬಾನುಲಿ ಮೊದಲು ತೆರೆದುಕೊಂಡದ್ದೇ ಶಿಕ್ಷಣ ಸಂಸ್ಥೆಗಳಿಗೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ 2004ರಲ್ಲಿ ಆರಂಭವಾಯಿತು; ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶ ಸಿಕ್ಕಿದ್ದು 2006ರ ನೀತಿಯ ನಂತರ. ಮಂಗಳೂರಿನ ಸಂತ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯದ ರೇಡಿಯೊ ಸಾರಂಗ್ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಗಳಲ್ಲೂ ಮಾತನಾಡುತ್ತದೆ. ಸಮುದಾಯ ಬಾನುಲಿ ತಾನೇ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬ ನಿರ್ಬಂಧ ನಿಮಗೆ ಗೊತ್ತಿರಲಿ. ಹವಾಮಾನ, ನೀರು ಮತ್ತು ವಿದ್ಯುತ್ ಪೂರೈಕೆ, ಪರೀಕ್ಷೆ, ಉದ್ಯೋಗಾವಕಾಶದಂಥ ಸ್ಥಳೀಯ ಮಾಹಿತಿಗೆ ಮಾತ್ರ ಅಡ್ಡಿಯಿಲ್ಲ. ಈ ನಿರ್ಬಂಧದೊಳಗೂ ಕಲಿಯುವುದು ಬೇಕಾದಷ್ಟಿದೆ. ಶುಂಠಿಗೆ ಕೊಳೆರೋಗ ಬಂದ ರೈತರೊಬ್ಬರನ್ನು ಹೊಲದಲ್ಲೇ ಮಾತನಾಡಿಸಿ, ಗಾಳಿಯ ಸದ್ದು ಮೈಕಿಗೆ ಬಾರದಂತೆ ಧ್ವನಿ ಹಿಡಿದು, ಅವರ ಆಡುಮಾತನ್ನು ಕತ್ತರಿಸಿ ಕೆಡಿಸದೆ ಹತ್ತು ನಿಮಿಷಕ್ಕೆ ಇಳಿಸುವಾಗ ಕೇಳಿಸಿಕೊಳ್ಳುವುದನ್ನು ಕಲಿಯುತ್ತೀರಿ. ಬೈಟ್ (ಚುಟುಕು ಹೇಳಿಕೆ) ತೆಗೆದುಕೊಂಡು ಓಡುವ ಅವಸರದಲ್ಲಿ ಈ ಗುಣ ಬರುವುದು ಕಷ್ಟ.

ಇಂಗ್ಲಿಷ್ ಬಗ್ಗೆ: ಉತ್ತರ ಪತ್ರಿಕೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆಯೇ ಎಂದು ಪ್ರವೇಶಕ್ಕೆ ಮುನ್ನವೇ ವಿಭಾಗದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ. ಆದರೆ ಓದುವ ಇಂಗ್ಲಿಷ್ ಬೇಕೇಬೇಕು, ಏಕೆಂದರೆ ಸಂಶೋಧನಾ ಲೇಖನಗಳು, ತೀರ್ಪುಗಳು, ಸರ್ಕಾರಿ ಲೆಕ್ಕಪತ್ರ ಪರಿಶೋಧಿಸುವ ಸಿಎಜಿಯ ವರದಿಗಳು ಹೆಚ್ಚಾಗಿ ಆ ಭಾಷೆಯಲ್ಲೇ ಸಿಗುತ್ತವೆ. ದಿನಕ್ಕೊಂದು ಇಂಗ್ಲಿಷ್ ವರದಿಯನ್ನು ಓದಿ, ಮುಚ್ಚಿಟ್ಟು, ಅದರ ಸಾರವನ್ನು ನಿಮ್ಮದೇ ಕನ್ನಡದಲ್ಲಿ ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡಿ. ಅನುವಾದದ ಜೊತೆಗೆ ಡೆಸ್ಕ್‌ಗೆ ಬೇಕಾದ ಬೆರಳಿನ ವೇಗವೂ ಬರುತ್ತದೆ. ಅರ್ಜಿ ಹಾಕುವ ಮೊದಲು, ರಜೆಯಿಲ್ಲದ ದಿನ ನೋಡಿಕೊಂಡು ವಿಭಾಗಗಳಿಗೆ ಖುದ್ದಾಗಿ ಹೋಗಿ, ಸ್ಟುಡಿಯೊ ಬಾಗಿಲು ತೆರೆದಿದೆಯೇ, ಒಳಗೆ ಕೆಲಸ ಮಾಡುತ್ತಿರುವವರು ವಿದ್ಯಾರ್ಥಿಗಳೇ ಎಂದು ನೋಡಿ, ಎರಡನೇ ವರ್ಷದವರನ್ನು ಪಕ್ಕಕ್ಕೆ ಕರೆದು ಕಳೆದ ತಿಂಗಳು ಏನೇನು ಬರೆದಿರಿ ಎಂದು ಕೇಳಿ.