ಬೆಟ್ಟದಲ್ಲಿ, ಸೇತುವೆಯಲ್ಲಿ ಸಿಕ್ಕ ಗುರುತು ಯಾವುದು? ಸರ್ವೇಯರ್ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಕ್ಕಳನ್ನು ಕರೆದುಕೊಂಡು ಬೆಟ್ಟ, ಕೋಟೆ ಅಂತ ಸುತ್ತುವಾಗ ಅಕ್ಷರ ಕೊರೆದ ಕಲ್ಲು ಕಂಡರೆ ಅದೇನು ಅಂತ ಬಹಳ ಜನ ಕೇಳ್ತಿದ್ದೀರಿ. ನಮ್ಮ ಗುಂಪಿನಲ್ಲೇ ಇರುವ ನಿವೃತ್ತ ಸರ್ವೇಯರ್ ಸರ್ ಇವತ್ತು ಉತ್ತರ ಕೊಡ್ತಾರೆ. ಫೋಟೊ ಹಾಕಿ, ಜಾಗ ಬರೆಯಿರಿ.

ಮೈಸೂರಿನ ಅಮ್ಮ: ನಮಸ್ಕಾರ ಸರ್. ಅರಸೀಕೆರೆ ಕಡೆ ಹೋಗುವಾಗ ಒಂದು ಹಳೇ ಸೇತುವೆ ಹತ್ತಿರ ಬುತ್ತಿ ಬಿಚ್ಚಿದ್ವಿ. ಮಗಳು ಕಟ್ಟೆ ಕಲ್ಲಿನ ಮೇಲೆ ಒಂದು ಚೌಕ ತೋರಿಸಿದಳು. ಚೌಕದ ಮೇಲೆ ಜಿ.ಟಿ.ಎಸ್., ಕೆಳಗೆ ಬಿ.ಎಂ. ಅಂತ ಇಂಗ್ಲಿಷಿನಲ್ಲಿ ಕೊರೆದಿದೆ.

ಸರ್ವೇಯರ್: ನಮಸ್ಕಾರ ತಾಯಿ. ಮಗಳ ಕಣ್ಣು ಚುರುಕಾಗಿದೆ. ಜಿ.ಟಿ.ಎಸ್. ಅಂದರೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ಬ್ರಿಟಿಷರ ಕಾಲದಲ್ಲಿ ತ್ರಿಕೋನ ಕಟ್ಟಿ ದೇಶವನ್ನು ಅಳೆದ ಸರ್ವೆ. ಬಿ.ಎಂ. ಅಂದರೆ ಬೆಂಚ್ ಮಾರ್ಕ್. ಆ ಚೌಕದ ಮೇಲೆ ಲೆವೆಲಿಂಗ್ ಸ್ಟಾಫ್ ಎಂಬ ಅಳತೆಕೋಲು ನಿಲ್ಲಿಸಿ ಸಮುದ್ರಮಟ್ಟದಿಂದ ಆ ಕಲ್ಲಿನ ಎತ್ತರ ತೆಗೆದಿದ್ದಾರೆ. ಕುಸಿಯದ, ಅಲುಗದ ಕಟ್ಟಡ ನೋಡಿ ಕೊರೆಯುತ್ತಿದ್ದರು: ಸೇತುವೆ, ರೈಲ್ವೆ ಸ್ಟೇಷನ್, ಚರ್ಚಿನ ಮೆಟ್ಟಿಲು, ಪ್ರವಾಸಿ ಮಂದಿರ. ಹುಡುಕುವುದು ಹೀಗೆ: ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಿಂದ ಆ ಪ್ರದೇಶದ 1:50,000 ಅಳತೆಯ ಓಪನ್ ಸೀರೀಸ್ ಟೊಪೊಶೀಟ್, ಅಂದರೆ ನೆಲದ ವಿವರವಾದ ನಕ್ಷೆ, ಇಳಿಸಿಕೊಳ್ಳಿ. ಸೇತುವೆ ಪಕ್ಕ ಬಿ.ಎಂ. ಅಂತ ಬರೆದು ಒಂದು ಸಂಖ್ಯೆ ಇದ್ದರೆ ಅದೇ ಎತ್ತರ. ಯಾವ ಸೇತುವೆ, ಯಾವ ಬದಿ ಎಂಬ ವಿವರ ಇಲಾಖೆಯ ಲೆವೆಲಿಂಗ್ ಪ್ಯಾಂಫ್ಲೆಟ್ ಎಂಬ ಎತ್ತರಗಳ ಪುಸ್ತಿಕೆಯಲ್ಲಿರುತ್ತದೆ.

ಮೈಸೂರಿನ ಅಮ್ಮ: ತುಂಬಾ ಥ್ಯಾಂಕ್ಸ್ ಸರ್. ಸರ್ವೇಯರ್ ಆಗ್ಬೇಕು ಅಂದ್ರೆ ಏನು ಓದಬೇಕು ಅಂತ ಮಗಳು ಕೇಳ್ತಿದ್ದಾಳೆ.

ತುಮಕೂರು ಟ್ರೆಕ್ಕರ್: ಸರ್, ಜಿ.ಟಿ.ಎಸ್. ಅಂದ್ರೇನು?

ಸರ್ವೇಯರ್: ಮೇಲೆ ಬರೆದಿದ್ದೇನೆ.

ಗದಗ ರೈತ: ಸರ್ರ, ನಮ್ಮ ಹೊಲದ ಬದುವಿನ್ಯಾಗ ಒಂದು ಕಲ್ಲು ಐತ್ರಿ. ಅದರ ಮ್ಯಾಲ ಲಿಂಗ ಕೊರದಾರ. ಇದೂ ಬ್ರಿಟಿಷರದ ಏನ್ರಿ? ಬಾಜೂ ಹೊಲದವರು ಅದೇ ನಮ್ಮ ಹದ್ದು ಅಂತ ಜಗಳಾ ತಗದಾರ.

ಸರ್ವೇಯರ್: ಅಲ್ಲ ಯಜಮಾನರೇ, ಅದು ಬ್ರಿಟಿಷರಿಗಿಂತ ಬಹಳ ಹಳೆಯದು. ಲಿಂಗಮುದ್ರೆ ಕಲ್ಲು. ದೇವಸ್ಥಾನಕ್ಕೆ ದಾನ ಕೊಟ್ಟ ಭೂಮಿಯ ಎಲ್ಲೆಗೆ ನೆಡುತ್ತಿದ್ದರು. ವಿಷ್ಣು ದೇವಾಲಯದ ಭೂಮಿಗೆ ವಾಮನಮುದ್ರೆ, ಬಸದಿಯ ಭೂಮಿಗೆ ಮೂರು ಕೊಡೆ ಕೊರೆದ ಮುಕ್ಕೊಡೆ ಕಲ್ಲು ಇರುತ್ತದೆ. ನಿಮ್ಮ ಇಂದಿನ ಹದ್ದಿಗೂ ಅದಕ್ಕೂ ಸಂಬಂಧ ಇರಬೇಕೆಂದಿಲ್ಲ. ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಎಲ್ಲೆ ಅಳೆದು ಗುರುತಿಸಲು, ಅರ್ಜಿ ಹಾಕಿ. ಕಲ್ಲನ್ನು ಮುಟ್ಟಬೇಡಿ.

ಹಾಸನ ಬೈಕರ್: ಫಾರ್ವರ್ಡ್ ಬಂದದ್ದು ಹಾಕ್ತಿದ್ದೀನಿ: "ಜಿ.ಟಿ.ಎಸ್. ಕಲ್ಲಿನ ಕೆಳಗೆ ಬ್ರಿಟಿಷರು ತಾಮ್ರದ ತಂಬಿಗೆಯಲ್ಲಿ ಪಾದರಸ, ಬಂಗಾರ ಹೂತಿದ್ದಾರೆ. ಅಕ್ಷರ ಅಳಿಸಿದ್ದರೆ ಹುಣಸೆಹುಳಿಗೆ ಆಸಿಡ್ ಬೆರೆಸಿ ತಿಕ್ಕಿ, ಅಮಾವಾಸ್ಯೆ ದಿನ ಅಗೆಯಿರಿ." ನಿಜಾನಾ ಸರ್?

ಸರ್ವೇಯರ್: ಸುಳ್ಳು. ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಆಸಿಡ್ ಕಲ್ಲನ್ನೇ ತಿನ್ನುತ್ತದೆ. ತಂತಿ ಬ್ರಷ್ಷೂ ಬೇಡ, ಬಣ್ಣವೂ ಬೇಡ. ಅಕ್ಷರ ಓದಬೇಕಾದರೆ ಸಂಜೆ ಹೊತ್ತು ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ತಾನಾಗಿ ಕಾಣುತ್ತದೆ. ಬೇಕಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಅಷ್ಟು ಸಾಕು.

ಕಡೂರು ಮೇಷ್ಟ್ರು: ಸರ್, ಇದೇ ಫಾರ್ವರ್ಡ್ ನಮ್ಮ ಮನೆಗೂ ಬಂದಿದೆ, ಅದಕ್ಕೇ ಹೆದರಿಕೆ. ಹೋದ ವಾರ ಮನೆಯವರೆಲ್ಲ ಹತ್ತಿರದ ಬೆಟ್ಟಕ್ಕೆ ಹೋಗಿದ್ವಿ. ತುದಿಯಲ್ಲಿ ಮೊಣಕಾಲೆತ್ತರದ ಕಲ್ಲಿನ ಜಗಲಿ, ನಡುವೆ ಒಂದು ಕಲ್ಲು, ಅದರ ಮೇಲೆ ವೃತ್ತ, ವೃತ್ತದ ನಡುವೆ ಚುಕ್ಕಿ. ಜಗಲಿಯ ಒಂದು ಮೂಲೆಯನ್ನು ಯಾರೋ ಕಿತ್ತು ಗುಂಡಿ ತೋಡಿದ್ದಾರೆ. ನಿಂಬೆಹಣ್ಣು, ಕುಂಕುಮ ಬಿದ್ದಿತ್ತು. ನನ್ನ ಭಾಮೈದ ಅದನ್ನು ನೋಡಿಬಂದಾಗಿನಿಂದ ಜನ ಕಟ್ಟಿಕೊಂಡು ಹೋಗ್ತೀನಿ ಅಂತ ಕೂತಿದ್ದಾನೆ.

ಸರ್ವೇಯರ್: ಮೇಷ್ಟ್ರೇ, ಬೇರೆ ಪ್ರಶ್ನೆ ಬಿಟ್ಟು ಇದಕ್ಕೇ ಬರೆಯುತ್ತೇನೆ. ನಿಮ್ಮ ಭಾಮೈದನಿಗೆ ಓದಿ ಹೇಳಿ.

ಅದು ಬೆಂಚ್ ಮಾರ್ಕ್ ಅಲ್ಲ, ಟ್ರಿಗ್ ಸ್ಟೇಷನ್. ವೃತ್ತದ ನಡುವಿನ ಆ ಚುಕ್ಕಿಯ ನೇರಕ್ಕೆ ಥಿಯೊಡೊಲೈಟ್ ಎಂಬ ಕೋನ ಅಳೆಯುವ ಯಂತ್ರ ಕೂರಿಸಿ ದೂರದ ಬೆಟ್ಟಗಳಿಗೆ ಕೋನ ತೆಗೆಯುತ್ತಿದ್ದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಬೇಸ್‌ಲೈನ್, ಅಂದರೆ ಲೆಕ್ಕಕ್ಕೆ ತಳಹದಿಯಾದ ಗೆರೆ, ಅಳೆದು ಈ ಸರ್ವೆ ಶುರು ಮಾಡಿದ, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತ ಮಂಗಳೂರಿನ ಕಡಲು ಮುಟ್ಟಿದ. ಮದರಾಸಿನಿಂದ ಮಂಗಳೂರಿಗೆ ಹಳೇ ನಕ್ಷೆಗಳಲ್ಲಿ 400 ಮೈಲಿ ಇತ್ತು. ಲೆಕ್ಕ ಹಾಕಿದಾಗ 360 ಬಂತು. 40 ಮೈಲಿಯ ತಪ್ಪು ಹೊರಬಿದ್ದದ್ದು ಇಂಥ ಚುಕ್ಕಿಗಳಿಂದ. ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಆಳುಗಳು ಹೊತ್ತು ಹತ್ತಿಸುತ್ತಿದ್ದರು. ನಿಮ್ಮ ಬೆಟ್ಟದ್ದು ಲ್ಯಾಂಬ್ಟನ್ ಕಾಲದ್ದೋ ಆಮೇಲಿನದ್ದೋ ಫೋಟೊ ನೋಡಿ ಹೇಳಲಾಗದು, ಆದರೆ ಕೆಲಸ ಅದೇ.

ಈಗ "ಕೆಳಗೆ ಏನೋ ಇದೆ" ಎಂಬ ಮಾತು. ಇಂಥ ಎಷ್ಟೋ ಕಡೆ ಕೆಳಗೆ ಇರುವುದು ಇನ್ನೊಂದು ಕಲ್ಲು, ಅದರ ಮೇಲೂ ಒಂದು ಚುಕ್ಕಿ. ಮೇಲಿನ ಚುಕ್ಕಿಯ ನೇರಕ್ಕೆ ತೂಗುಗುಂಡು ಬಿಟ್ಟು ಕೂರಿಸಿರುತ್ತಾರೆ. ಮೇಲಿನದು ಹಾಳಾದರೆ ಕೆಳಗಿನದರಿಂದ ಜಾಗ ಮತ್ತೆ ಸಿಗಲಿ ಅಂತ. ಅಗೆದವನ ಕೈಗೆ ಬರುವುದು ಆ ಕಲ್ಲು ಮಾತ್ರ. ಅದನ್ನು ನಾಲ್ಕು ಬೆರಳು ಸರಿಸಿದರೂ ಅಷ್ಟು ವರ್ಷದ ಅಳತೆ ಹೋಯಿತು. ವಾಪಸ್ ತಂದಿಟ್ಟರೂ ಆ ಜಾಗ ಬರುವುದಿಲ್ಲ.

ಸರ್ಕಾರ ನೆಟ್ಟ ಗುರುತನ್ನು ಕೀಳುವುದು, ಸರಿಸುವುದು ಅಪರಾಧ. ಹಳೇ ದಂಡಸಂಹಿತೆಯ 434ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಹೊಸ ಸಂಹಿತೆಯಲ್ಲೂ ಉಳಿದಿದೆ. ನೀವು ಮಾಡಬೇಕಾದ್ದು: ಗುಂಡಿ, ಚುಕ್ಕಿ, ಸುತ್ತಲಿನ ನೋಟದ ಫೋಟೊ, ಫೋನಿನ ಅಕ್ಷಾಂಶ ರೇಖಾಂಶ. ಟೊಪೊಶೀಟಿನಲ್ಲಿ ಆ ಬೆಟ್ಟದ ತುದಿಗೆ ತ್ರಿಕೋನದ ಚಿಹ್ನೆ ಇದೆಯೇ ನೋಡಿ. ಎಲ್ಲ ಸೇರಿಸಿ ತಹಶೀಲ್ದಾರರಿಗೆ ಒಂದು ಅರ್ಜಿ, ಬೆಂಗಳೂರಿನ ಸರ್ವೆ ಆಫ್ ಇಂಡಿಯಾ ಕಚೇರಿಗೆ ಒಂದು ಪ್ರತಿ. ಗುಂಡಿಯನ್ನು ನೀವೇ ಮುಚ್ಚಲು ಹೋಗಬೇಡಿ.

ಕಡೂರು ಮೇಷ್ಟ್ರು: ನಾಳೆಯೇ ಮಾಡ್ತೀನಿ ಸರ್.

ಯಲಹಂಕ ಟೆಕ್ಕಿ: ನಂದಿ ಬೆಟ್ಟದ ಎತ್ತರ 1478 ಮೀಟರ್ ಅಂತ ಓದಿದ್ದೆ. ಮೇಲೆ ನಿಂತು ನನ್ನ ಜಿಪಿಎಸ್ ಆ್ಯಪ್ ನೋಡಿದ್ರೆ 1391. ಅಂದ್ರೆ ಬ್ರಿಟಿಷರ ಅಳತೆ ತಪ್ಪು.

ಚಿಕ್ಕಬಳ್ಳಾಪುರ ಸದಸ್ಯರು: ನಿಮ್ಮ ಫೋನೇ ತಪ್ಪು. ನಮ್ಮೂರ ಬೆಟ್ಟ ನಮಗೆ ಗೊತ್ತಿಲ್ವಾ?

ಯಲಹಂಕ ಟೆಕ್ಕಿ: ಉಪಗ್ರಹಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?

ಸರ್ವೇಯರ್: ಇಬ್ಬರೂ ನಿಲ್ಲಿಸಿ. ಉಪಗ್ರಹ ಎತ್ತರ ಕೊಡುವುದು ಸಮುದ್ರಮಟ್ಟದಿಂದಲ್ಲ, ಲೆಕ್ಕಕ್ಕೆ ಇಟ್ಟುಕೊಂಡ ಎಲಿಪ್ಸಾಯ್ಡ್ ಎಂಬ ನುಣುಪು ಮೈಯಿಂದ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲ, ಹಾಗಾಗಿ ಸಮುದ್ರಮಟ್ಟ ಆ ಮೈಗಿಂತ ಕೆಲವೆಡೆ ಮೇಲೆ, ಕೆಲವೆಡೆ ಕೆಳಗೆ ಇರುತ್ತದೆ. ಶ್ರೀಲಂಕಾದ ದಕ್ಷಿಣದ ಕಡಲಲ್ಲಿ ಅದು 100 ಮೀಟರಿಗೂ ಹೆಚ್ಚು ತಗ್ಗು. ನಮ್ಮ ಬೆಂಗಳೂರಿನ ಸುತ್ತ ಸುಮಾರು 85 ಮೀಟರ್. 1391ಕ್ಕೆ 85 ಸೇರಿಸಿ ನೋಡಿ. ಕೆಲವು ಆ್ಯಪ್‌ಗಳು ಈ ವ್ಯತ್ಯಾಸ ಸರಿಪಡಿಸಿಯೇ ತೋರಿಸುತ್ತವೆ, ನಿಮ್ಮದು ಸರಿಪಡಿಸುತ್ತಿಲ್ಲ.

ಯಲಹಂಕ ಟೆಕ್ಕಿ: ಸೇರಿಸಿದ್ರೂ 1476. ಎರಡು ಮೀಟರ್ ಎಲ್ಲಿ?

ಸರ್ವೇಯರ್: ಫೋನಿನಲ್ಲಿ ಹತ್ತು ಮೀಟರ್ ಹೆಚ್ಚುಕಮ್ಮಿ ಸಾಮಾನ್ಯ.

ಚಿಕ್ಕಬಳ್ಳಾಪುರ ಸದಸ್ಯರು: ನೋಡಿದ್ರಾ, ಫೋನೇ ತಪ್ಪು ಅಂತ ನಾನು ಮೊದಲೇ ಹೇಳಿದ್ದೆ.

ಯಲಹಂಕ ಟೆಕ್ಕಿ: ನೀವು ಹೇಳಿದ್ದು ಅದಲ್ಲ. ಓದೋಕೆ ಬರುತ್ತಾ?

ಅಡ್ಮಿನ್: ಮಾತು ಹದದಲ್ಲಿರಲಿ.

ಕಾರವಾರದಿಂದ: ಸರ್, ಸಮುದ್ರಮಟ್ಟ ಅಂತೀರಲ್ಲ, ಯಾವ ಊರಿನ ಸಮುದ್ರ?

ಸರ್ವೇಯರ್: ಒಳ್ಳೆಯ ಪ್ರಶ್ನೆ, ಕೇಳಿದವರು ನೀವೇ ಆದದ್ದು ಸಂತೋಷ. 1909ರಲ್ಲಿ ದೇಶದ ಲೆವೆಲಿಂಗ್ ಜಾಲವನ್ನು ಒಟ್ಟು ಮಾಡಿದಾಗ ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆ ಹಿಡಿದರು. ಅದರಲ್ಲಿ ನಿಮ್ಮ ಕಾರವಾರವೂ ಒಂದು.

ಕಾರವಾರದಿಂದ: ಇದು ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ!

ಮಂಗಳೂರು ಸದಸ್ಯ: ಮಂಗಳೂರನ್ನ ಯಾಕೆ ಬಿಟ್ರು?

ಕ್ಯಾಲಿಫೋರ್ನಿಯಾ ಅಪ್ಪ: ಸರ್, ಇಲ್ಲಿ ಪಾರ್ಕಿನಲ್ಲಿ ಮಗನಿಗೆ ಬಂಡೆಯಲ್ಲಿ ಹುದುಗಿಸಿದ ಲೋಹದ ಬಿಲ್ಲೆ ಸಿಕ್ಕಿತು. ಕಿತ್ತರೆ 250 ಡಾಲರ್ ದಂಡ ಅಂತ ಅದರ ಮೇಲೇ ಇದೆ. ಒತ್ತಿದ ಸಂಖ್ಯೆ ಹಾಕಿ ಹುಡುಕಿದರೆ ಏನೂ ಬರ್ತಿಲ್ಲ.

ಸರ್ವೇಯರ್: ಬಿಲ್ಲೆಯ ಮೇಲೆ ಒತ್ತಿದ್ದು ಅದರ ಹೆಸರು. ದಾಖಲೆಯ ಸಂಖ್ಯೆ ಬೇರೆ, ಎರಡು ಅಕ್ಷರ ನಾಲ್ಕು ಅಂಕೆ ಇರುತ್ತದೆ. ಅಲ್ಲಿನ ನ್ಯಾಷನಲ್ ಜಿಯೊಡೆಟಿಕ್ ಸರ್ವೆಯ ತಾಣದಲ್ಲಿ ನೀವು ನಿಂತ ಜಾಗದ ಅಕ್ಷಾಂಶ ರೇಖಾಂಶ ಕೊಟ್ಟು ಅದರ ಸುತ್ತಮುತ್ತ ಹುಡುಕಿ. ಡೇಟಾಶೀಟಿನಲ್ಲಿ ಅಲ್ಲಿಗೆ ಹೋಗುವ ದಾರಿಯನ್ನೂ ಬರೆದಿರುತ್ತಾರೆ. ಬಿಲ್ಲೆ ಈಗ ಹೇಗಿದೆ ಅಂತ ನೀವೇ ವರದಿ ಕಳಿಸಬಹುದು, ಮಗನಿಂದ ಬರೆಸಿ.

ಹಾಸನ ಬೈಕರ್: ಇನ್ನೊಂದು ಫಾರ್ವರ್ಡ್ ಬಂತು ಸರ್, ಮೆಟಲ್ ಡಿಟೆಕ್ಟರ್ ಕೂಗಿದರೆ...

ಸರ್ವೇಯರ್: ಬೇಡ ಅಂದೆನಲ್ಲ. ಒಂದು ಗುಂಡಿ ಈಗಾಗಲೇ ಬಿದ್ದಿದೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಇಲ್ಲಿ ಉತ್ತರ ಕೊಡುವುದಿಲ್ಲ.

ಹಾಸನ ಬೈಕರ್: ಕೇಳಿದ್ದೇ ತಪ್ಪಾಯ್ತಾ?

ಶಿರಸಿ ಸದಸ್ಯೆ: ಕೇಳೋದಲ್ಲ, ಹಂಚೋದು ತಪ್ಪು.

ಬಳ್ಳಾರಿ ಸದಸ್ಯ: ಸರ್, ಬಿ.ಎಂ. ಅಂದ್ರೆ?

ಸರ್ವೇಯರ್: ಮೊದಲನೇ ಉತ್ತರ.

ಕಡೂರು ಮೇಷ್ಟ್ರು: ಸರ್, ಇವತ್ತು ತಹಶೀಲ್ದಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ. ಟೊಪೊಶೀಟಿನಲ್ಲಿ ತ್ರಿಕೋನ ಇದೆ. ಭಾಮೈದ ಮಾತು ಬಿಟ್ಟಿದ್ದಾನೆ, ಆದರೆ ಹೋಗಲ್ಲ ಅಂತ ಅವರಕ್ಕನ ಹತ್ತಿರ ಹೇಳಿದ್ದಾನಂತೆ. ಬೆಳಿಗ್ಗೆ ಇನ್ನೊಮ್ಮೆ ಹತ್ತಿ ನೋಡಿದೆ, ಗುಂಡಿ ನಡುಗಲ್ಲಿನಿಂದ ಒಂದು ಮೊಳ ದೂರದಲ್ಲೇ ನಿಂತಿದೆ. ಚುಕ್ಕಿ ಹಾಗೇ ಇದೆ.

ಸರ್ವೇಯರ್: ಒಂದು ಮೊಳ ಅಂದರೆ ಬಹಳ ಹತ್ತಿರ ಮೇಷ್ಟ್ರೇ. ಮಳೆ ಹಿಡಿದರೆ ಮಣ್ಣು ಜಾರುತ್ತದೆ. ಆ ಅಂತರವನ್ನು ಟೇಪಿನಲ್ಲಿ ಅಳೆದು, ದಿನಾಂಕ ಹಾಕಿ, ಸರ್ವೆ ಆಫ್ ಇಂಡಿಯಾಗೆ ಕಳಿಸುವ ಪ್ರತಿಯಲ್ಲಿ ಬರೆಯಿರಿ. ಚುಕ್ಕಿಯಿಂದ ಅಲುಗದ ಮೂರು ಬಂಡೆಗಳಿಗೂ ಅಳತೆ ತೆಗೆದಿಡಿ. ನನಗೂ ಒಂದು ಪ್ರತಿ ಹಾಕಿ.