ಸಹಾಯ ಬೇಕು: ಅಮ್ಮನ ಮಾತ್ರೆ ಡಬ್ಬಿ ನೋಡಿ ಗಾಬರಿಯಾಗಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ, ಸಸ್ಯಾಹಾರಿ, ಥೈರಾಯ್ಡ್ ಇದೆ. ಹೋದ ವಾರ ಊರಿಗೆ ಹೋದಾಗ ಅವರ ಮಾತ್ರೆ ಡಬ್ಬಿ (ಹಳೇ ಬಿಸ್ಕತ್ ಡಬ್ಬಿ!) ತೆಗೆದು ನೋಡಿದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಬಿ12, ಒಂದು ಮಲ್ಟಿವಿಟಮಿನ್. ಜೊತೆಗೆ 60,000 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಪುಡಿಯ ಪೊಟ್ಟಣಗಳು. ಡಾಕ್ಟರ್ ಅದನ್ನು ವಾರಕ್ಕೊಂದರಂತೆ 8 ವಾರಕ್ಕೆ ಮಾತ್ರ ಬರೆದಿದ್ದರು. ಅಮ್ಮ ಅದೇ ಚೀಟಿ ತೋರಿಸಿ ಒಂದು ವರ್ಷದಿಂದ ತರಿಸುತ್ತಲೇ ಇದ್ದಾರೆ. ಕೇಳಿದರೆ "ಶಕ್ತಿಗೆ ತಾನೇ, ಏನಾಗುತ್ತೆ ಬಿಡು" ಅಂತಾರೆ. ಆದರೆ ವಿಟಮಿನ್ ಡಿ ಅನ್ನೋದು ವಿಟಮಿನ್ ಸಿ ಥರ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಅಲ್ವಾ?

ಇನ್ನೊಂದು ತಲೆನೋವು ಬೆಳಗಿನದು. ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲಾ ಒಂದೇ ಸಲ ಬಾಯಿಗೆ, ಮೇಲೆ ಒಂದು ಲೋಟ ಫಿಲ್ಟರ್ ಕಾಫಿ! ಥೈರಾಯ್ಡ್ ಮಾತ್ರೆಗೂ ಆ ಎರಡಕ್ಕೂ 4 ಗಂಟೆ ಅಂತರ ಬೇಕು. ಕಾಫಿಯಂತೂ ಕಬ್ಬಿಣ ಮೈಗೆ ಹತ್ತುವುದಕ್ಕೇ ಅಡ್ಡಿ. ಥೈರಾಯ್ಡ್ ಮಾತ್ರೆಯ ಡೋಸ್ ಏರಿಸಿದರೂ ಟಿಎಸ್‌ಎಚ್ (ಥೈರಾಯ್ಡ್ ಕಡಿಮೆಯಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನ್) ಇಳಿಯದೇ ಇದ್ದಿದ್ದು ಇದಕ್ಕೇ ಇರಬಹುದು ಅಂತ ನನ್ನ ಅನುಮಾನ.

ಸದ್ಯಕ್ಕೆ ಪೊಟ್ಟಣಗಳನ್ನು ಎತ್ತಿಟ್ಟಿದ್ದೇನೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ) ಪರೀಕ್ಷೆ ಕೇಳಬೇಕು ಅಂತಿದ್ದೇನೆ. ಬೇರೆ ಏನಾದರೂ ಕೇಳಬೇಕಾ? ಮನೆಯಲ್ಲಿ ಇಷ್ಟೇ ಮಾತ್ರೆ ನುಂಗುವ ಹಿರಿಯರಿದ್ದರೆ, ದಿನದಲ್ಲಿ ಹೊತ್ತು ಹೇಗೆ ಹಂಚಿಕೊಂಡಿದ್ದೀರಿ ಹೇಳಿ. ಬೆಳಗಿನ ಕಾಫಿ ಬಿಡಿಸುವ ಸಲಹೆ ಮಾತ್ರ ಬೇಡ, ಅದು ನಮ್ಮಮ್ಮನ ಹತ್ತಿರ ನಡೆಯುವುದಿಲ್ಲ.